ಏಳನೇ ಕಡತದ ಗಡುವು

ದೂರಸಂಪರ್ಕ ಮಂಡಳಿಯಲ್ಲಿ ನಾನು ಟಪಾಲು ಗುಮಾಸ್ತೆ. ಹೊರಗಿನಿಂದ ಬರುವ ಅರ್ಜಿ ಯಾವುದೇ ಇರಲಿ, ಮೊದಲು ನನ್ನ ಕಿಟಕಿಗೆ ಬರಬೇಕು, ನಾನು ಓದಿ ಮುದ್ರೆ ಒತ್ತಬೇಕು. ಒತ್ತದಿದ್ದರೆ ಅದು ಬಂದೇ ಇಲ್ಲ ಎಂದರ್ಥ. ಊರಿನ ಫೋನ್ ನಂಬರುಗಳ ದಫ್ತರವೂ ನನ್ನ ಸುಪರ್ದಿಯಲ್ಲೇ ಇದೆ. ಇಷ್ಟು ಸಣ್ಣ ಕೆಲಸದವಳನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ಏಳನೇ ಕಡತ ತೆರೆದಿದ್ದ ಹದಿನಾರು ತಿಂಗಳು ಜನ ನನ್ನನ್ನು ಕಂಡರೆ ಸೈಕಲ್ಲಿನಿಂದ ಇಳಿದು ಮಾತಾಡಿಸುತ್ತಿದ್ದರು. ತರಕಾರಿಯವಳು ಕೇಳದೆಯೇ ಕೊತ್ತಂಬರಿ ಕಟ್ಟನ್ನು ಚೀಲಕ್ಕೆ ಹಾಕುತ್ತಿದ್ದಳು. ಎಲ್ಲರದೂ ಒಂದೇ ಪ್ರಶ್ನೆ. "ವಾರಿಜಮ್ಮ, ಮುಂದಕ್ಕೆ ಹೋಗುತ್ತಾ?"

ಏಳನೇ ಕಡತ ಹೊಳೆಯಾಚೆಯ ಹನ್ನೊಂದು ಹಳ್ಳಿಗಳದ್ದು. ಅಲ್ಲಿ ಆಗ ಫೋನಿರಲಿಲ್ಲ. ತಂತಿಯೂ ಹೊಳೆ ದಾಟಿರಲಿಲ್ಲ, ಸಿಗ್ನಲ್ಲೂ ದಾಟುತ್ತಿರಲಿಲ್ಲ. ಆಚೆ ದಡದಲ್ಲಿ ಒಂದು ಟವರ್ ನಿಲ್ಲಿಸಬೇಕೆ, ನಿಲ್ಲಿಸುವುದಾದರೆ ನಮ್ಮೂರಿನ ಕಂಪನಿಯೇ ನಿಲ್ಲಿಸಬೇಕೆ, ಬೇರೆಯವರಿಗೆ ಬಿಡಬೇಕೆ ಎಂದು ಮಂಡಳಿ ಚಂದಾದಾರರ ಅಭಿಪ್ರಾಯ ಕೇಳಿತು. ಮೂವತ್ತು ದಿನದ ಗಡುವು ಕೊಟ್ಟಿತು. ಮಂಡಳಿಗೆ ಅಭಿಪ್ರಾಯ ಸಲ್ಲಿಸಿದವರು ಗಡುವು ಮುಗಿಯುವ ತನಕ ಸಾಯುವುದಿಲ್ಲ. ನಮ್ಮೂರಲ್ಲಿ ಅದು ಹಾಗೆಯೇ. ನಮ್ಮಜ್ಜಿಯ ಕಾಲದಲ್ಲಿ ಟೆಲಿಗ್ರಾಂ ದರದ ಮೇಲೆ ಅಭಿಪ್ರಾಯ ಕೇಳಿದಾಗಲೂ ಹಾಗೆಯೇ ಇತ್ತಂತೆ. ಕಾಯಿಲೆ ವಾಸಿಯಾಗುವುದಿಲ್ಲ, ನೋವು ನಿಲ್ಲುವುದಿಲ್ಲ, ಸಾವು ಮಾತ್ರ ಬರುವುದಿಲ್ಲ.

ಊರು ಇದಕ್ಕೆ ಹೊಂದಿಕೊಂಡಿತ್ತು. ಇನ್ನು ತಮ್ಮ ಕೈಲಿ ಏನೂ ಇಲ್ಲ ಎನ್ನಿಸಿದಾಗ ಡಾಕ್ಟರು ಔಷಧಿ ಚೀಟಿಯ ಕೆಳಗೆ "ಮಂಡಳಿಯಲ್ಲಿ ಏನಾದರೂ ತೆರೆದಿದೆಯೇ ವಿಚಾರಿಸಿ" ಎಂದು ಬರೆಯುತ್ತಿದ್ದರು. ಮನೆಯವರು ಓಡಿ ಬಂದು ನೋಟಿಸ್ ಬೋರ್ಡ್ ನೋಡುತ್ತಿದ್ದರು. ಖಾಲಿ ಹಾಳೆ ಕೊಟ್ಟರೆ ನಡೆಯದು, ವಿಷಯದ ಮೇಲೆ ನಾಲ್ಕು ಸಾಲಾದರೂ ಇರಬೇಕು. ಹಾಗಾಗಿ ಮೇಲುಸಿರು ಬಿಡುತ್ತಿದ್ದ ಮುದುಕರೂ ಟವರ್ ಎಷ್ಟು ಎತ್ತರ ಇರಬೇಕೆಂದು ಯೋಚಿಸಿ ಹೇಳುತ್ತಿದ್ದರು, ಮಕ್ಕಳು ಬರೆದುಕೊಳ್ಳುತ್ತಿದ್ದರು. ಮೂವತ್ತು ದಿನ ಸಾಕಾಗುತ್ತಿತ್ತು. ದೂರದ ಮಗಳು ಬಂದು ಮುಖ ನೋಡುತ್ತಿದ್ದಳು, ಮಾತು ಬಿಟ್ಟಿದ್ದ ತಮ್ಮ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದ. ಗಡುವು ಮುಗಿದ ಮೇಲೆ ಹೋಗುವವರು ಹೋಗುತ್ತಿದ್ದರು. ಅದನ್ನು ಎಳೆಯಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಎಳೆದದ್ದು ಕಂಪನಿ. ಅದಕ್ಕೆ ಟವರ್ ಹಾಕುವ ಮನಸ್ಸಿರಲಿಲ್ಲ, ಬೇರೆಯವರು ಹಾಕುವುದೂ ಬೇಕಿರಲಿಲ್ಲ. ಗಡುವಿಗೆ ಎರಡು ದಿನ ಇದೆ ಎನ್ನುವಾಗ ಕಂಪನಿಯ ವಕೀಲರು ಬಂದು ಅವಧಿ ವಿಸ್ತರಣೆಗೆ ಅರ್ಜಿ ಕೊಟ್ಟರು. ಅಧ್ಯಕ್ಷ ಸಿದ್ಧವೀರಯ್ಯನವರು ನಿಯಮದ ಮನುಷ್ಯ. ಕಾರಣ ಹೊಸದಾಗಿರಬೇಕು, ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಒಬ್ಬನೇ ಒಬ್ಬ ಚಂದಾದಾರ ಲಿಖಿತವಾಗಿ ವಿರೋಧಿಸಿದರೂ ವಿಸ್ತರಣೆ ಇಲ್ಲ. ಊರಿನಲ್ಲಿ ಯಾರು ತಾನೇ ವಿರೋಧಿಸುತ್ತಾರೆ? ನಲವತ್ತೈದು ದಿನ ಸಿಕ್ಕಿತು. ಆಮೇಲೆ ಮತ್ತೆ ನಲವತ್ತೈದು. ನಕ್ಷೆ ಸ್ಪಷ್ಟವಾಗಿಲ್ಲ, ಅನುವಾದ ತಡವಾಯಿತು, ನೆರೆ ಬಂತು, ತಜ್ಞರು ರಜೆಯಲ್ಲಿದ್ದಾರೆ ಎಂದು ವಕೀಲರು ಹತ್ತು ಸಲ ಹತ್ತು ಕಾರಣ ತಂದರು. ಹತ್ತು ಸಲವೂ ನಾನು ಮುದ್ರೆ ಒತ್ತಿದೆ. ಆ ಕಡತದಲ್ಲಿ ನಮ್ಮಕ್ಕನೂ ಇದ್ದಳು.

ನಮ್ಮಪ್ಪನಿಗೆ ತಾವರೆ ಬಿಟ್ಟರೆ ಬೇರೆ ಹೂವು ಗೊತ್ತಿರಲಿಲ್ಲವೇನೋ, ಅಕ್ಕನಿಗೆ ಅಂಬುಜಾ ಎಂದು ಹೆಸರಿಟ್ಟು ನನಗೆ ವಾರಿಜಾ ಎಂದಿಟ್ಟ. ನನಗೆ ಏಳು ವರ್ಷವಾಗಿದ್ದಾಗ ಅಪ್ಪ ಅಮ್ಮ ಇಬ್ಬರೂ ಹೋದರು. ಅಕ್ಕ ಆಗಷ್ಟೇ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿದ್ದಳು. ಮೂವತ್ತೊಂದು ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಊರಿನ ಮಾತನ್ನೆಲ್ಲ ಊರಿಗೆ ತಲುಪಿಸಿ, ಮದುವೆಯಾಗದೆ, ನನ್ನನ್ನು ಓದಿಸಿದಳು. ನಿವೃತ್ತಿಯಾದ ಮೇಲೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಹದಿನೈದು ದಿನ ಎಂದರು. ಅವತ್ತೇ ಏಳನೇ ಕಡತದ ನೋಟಿಸ್ ಬಂದಿತ್ತು. ನಾನೇ ನಾಲ್ಕು ಸಾಲು ಬರೆದು, ಅವಳ ಕೈಲಿ ಸಹಿ ಹಾಕಿಸಿ, ನಾನೇ ಮುದ್ರೆ ಒತ್ತಿದೆ.

ಹತ್ತನೇ ವಿಸ್ತರಣೆ ಮುಗಿಯಲು ಆರು ದಿನ ಇದ್ದಾಗ ವಕೀಲರು ಕಿಟಕಿಗೆ ಬಂದರು. ಕೈಯಲ್ಲಿ ಕಾಗದವಿರಲಿಲ್ಲ.

"ನಮ್ಮ ಕಂಪನಿ ದೊಡ್ಡ ಕಂಪನಿ ಪಾಲಾಯ್ತು ವಾರಿಜಮ್ಮ. ಅವರು ಟವರ್ ಹಾಕೋಕೆ ತಯಾರಿದ್ದಾರೆ. ಇನ್ನು ನಾವು ವಿಸ್ತರಣೆ ಕೇಳಲ್ಲ" ಎಂದು ಹೇಳಿ, ನನ್ನ ಮುಖ ನೋಡಿ, "ಅಂಬುಜಕ್ಕ ಹೇಗಿದ್ದಾರೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಹರಡಿತು. ಹಾಸಿಗೆ ಹಿಡಿದವರು ಆಗ ಮೂವತ್ತೆಂಟು ಜನ. ಅವರ ಮನೆಯವರ ಪರವಾಗಿ ಟೈಲರ್ ದಯಾನಂದ ಬಂದ. ಅವನ ಹೆಂಡತಿ ಶಾಂಭವಿ ಬಾವಿಕಟ್ಟೆಯ ಮೇಲೆ ಬಿದ್ದು ತಲೆಗೆ ಪೆಟ್ಟಾದಾಗಿನಿಂದ ಮಾತಿಲ್ಲದೆ ಮಲಗಿದ್ದಳು. ಬೀಳುವುದಕ್ಕೆ ಒಂದು ವಾರ ಮುಂಚೆಯಷ್ಟೇ, ಅಂಗಡಿಯಲ್ಲಿ ಕೂತು ಹೊತ್ತು ಹೋಗದೆ, ಟವರಿಗೆ ಹಸಿರು ಬಣ್ಣ ಬಳಿಯಿರಿ ಎಂದು ಬರೆದುಕೊಟ್ಟಿದ್ದಳು.

"ಒಂದು ಕಾರಣ ಕೊಡಿ ವಾರಿಜಕ್ಕ, ಅರ್ಜಿ ನಾವು ಹಾಕ್ತೀವಿ" ಎಂದ ದಯಾನಂದ. "ಅವಳು ಮಾತಾಡಲ್ಲ, ಸರಿ. ಆದ್ರೆ ನಾನು ರೂಮಲ್ಲಿ ಓಡಾಡಿದ್ರೆ ಅವಳ ಕಣ್ಣು ನನ್ನ ಹಿಂದೆನೇ ಬರುತ್ತೆ. ಬೆಳಿಗ್ಗೆ ಒರಗಿಸಿ ಕೂರಿಸಿ ತಲೆ ಬಾಚಿದ್ರೆ ಕಣ್ಣು ಮುಚ್ಕೋತಾಳೆ. ನನಗೆ ಅಷ್ಟು ಸಾಕು."

ಕಾರಣ ನನಗೂ ತೋಚಲಿಲ್ಲ. ಆ ಎರಡು ದಿನ ಕಡತವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕಿದೆ. ಅಕ್ಕನಿಗೆ ಗಂಜಿ ಕುಡಿಸುವಾಗಲೂ ನನ್ನ ತಲೆಯಲ್ಲಿ ಪುಟಗಳೇ ಓಡುತ್ತಿದ್ದವು.

ಕಾರಣ ಸಿಕ್ಕಿದ್ದು ಮೂರನೇ ದಿನ, ದ್ಯಾವಮ್ಮ ಬಂದಾಗ. ದ್ಯಾವಮ್ಮ ಹೊಳೆಯಾಚೆಯ ಹಳ್ಳಿಗಳಲ್ಲಿ ಹೆರಿಗೆ ನೋಡುವ ದಾದಿ. ಪ್ರತಿ ಗಡುವಿನ ಹೊತ್ತಿಗೆ ಹರಿಗೋಲು ಹತ್ತಿ ಬಂದು, ಛತ್ರದಲ್ಲಿ ಉಳಿದುಕೊಂಡು, ಕೊನೆಯ ದಿನದ ತನಕ ಕಾದು, ಮುಂದಕ್ಕೆ ಹೋಯಿತೆಂದು ಗೊತ್ತಾದ ಮೇಲೆ ವಾಪಸು ಹೋಗುತ್ತಿದ್ದಳು.

"ಈ ಸಲನಾದ್ರೂ ಮುಗೀತದಾ ತಾಯಿ?"

"ಗೊತ್ತಿಲ್ಲ ದ್ಯಾವಮ್ಮ."

"ಗುಡ್ಡದಹಟ್ಟಿ ಖಾಲಿಯಾಯ್ತು ಕಣವ್ವ" ಎಂದಳು, ಕಿಟಕಿಯ ಕಂಬಿ ಹಿಡಿದುಕೊಂಡು. "ಹೋದ ತಿಂಗಳು ರತ್ನಿ ಅನ್ನೋಳಿಗೆ ಬ್ಯಾನೆ ಬಂತು. ಮಗು ಅಡ್ಡ ತಿರುಗಿತ್ತು. ಆಸ್ಪತ್ರೆ ಗಾಡಿ ಕರೆಯೋಕೆ ಅವಳ ಗಂಡ ಹೊಳೆ ಈಜ್ಕಂಡು ಈ ಕಡೀಕೆ ಬಂದ. ಗಾಡಿ ಸೇತುವೆ ಸುತ್ಕಂಡು ಬರೋ ಹೊತ್ಗೆ ತಾಯಿ ಮಗು ಎರಡೂ ನನ್ನ ಕೈಯಾಗೇ ಹೋದ್ವು. ಇನ್ನೆರಡು ಬಸುರೀರು ಇದ್ರು ಹಟ್ಟೀಲಿ. ಇಲ್ಲಿದ್ರೆ ಇವರ್ನೂ ಕಳ್ಕಂತೀವಿ ಅಂತ ಹನ್ನೆರಡು ಮನೇರೂ ಹಟ್ಟಿ ಬುಟ್ಟು ಹೋದ್ರು."

"ಹಾಗಾದ್ರೆ ಈಗ ಇರೋದು ಹತ್ತೇ ಹಳ್ಳಿನಾ?" ಎಂದು ಕೇಳಿದೆ. ನಾನು ಆಗ ಕೇಳಿದ್ದು ಅದೊಂದೇ ಮಾತು. ಈಗ ನೆನೆಸಿಕೊಂಡರೆ ಮೈ ಕುಗ್ಗುತ್ತದೆ.

"ಹತ್ತೇ ಕಣವ್ವ" ಎಂದು ಅವಳು ಸೆರಗಿನ ಗಂಟಿನಿಂದ ಒಂದು ಹಾಳೆ ತೆಗೆದಳು. "ಬ್ಯಾಡ ಅಂತ ಬರೆಸ್ಕಂಡು ಬಂದಿವ್ನಿ. ಇನ್ನು ಮುಂದಕ್ಕೆ ಹಾಕಬ್ಯಾಡಿ ಅಂತ."

ಹಾಳೆಯಲ್ಲಿ ಫೋನ್ ನಂಬರಿನ ಜಾಗ ಖಾಲಿಯಿತ್ತು. "ನಂಬರ್ ಇಲ್ಲದೆ ತಗೊಳ್ಳೋಕೆ ಆಗಲ್ಲ ದ್ಯಾವಮ್ಮ. ಚಂದಾದಾರರು ಮಾತ್ರ ಕೊಡಬೇಕು."

"ಫೋನಿಲ್ಲ ಅಂತಾನೇ ಅಲ್ವಾ ತಾಯಿ ನಾನು ಬಂದಿರೋದು?"

ನಿಯಮ ಹೀಗಿದೆ ಎಂದೆ. ಅವಳು ಹಾಳೆಯನ್ನು ಮತ್ತೆ ಗಂಟು ಹಾಕಿಕೊಂಡು ಜಗಲಿಯ ಮೂಲೆಯಲ್ಲಿ ಕೂತಳು. ನಾನು ಬಾಗಿಲು ಮುಂದೆ ಮಾಡಿಕೊಂಡು ಬರೆಯಲು ಕೂತೆ. ಸಮಾಲೋಚನಾ ಪತ್ರದ ಅನುಬಂಧದಲ್ಲಿ ಹನ್ನೊಂದು ಹಳ್ಳಿ ಎಂದಿದೆ, ವಾಸ್ತವದಲ್ಲಿ ಹತ್ತೇ ಇವೆ, ಮರುಗಣತಿ ಆಗುವವರೆಗೆ ಅವಧಿಯನ್ನು ವಿಸ್ತರಿಸಬೇಕು. ಇಂಥ ಹೊಸ ಕಾರಣ ವಕೀಲರಿಗೂ ಹೊಳೆದಿರಲಿಲ್ಲ. ಸಂಜೆ ಮನೆಗೆ ಹೋಗುವ ದಾರಿಯಲ್ಲಿ ದಯಾನಂದನ ಅಂಗಡಿಗೆ ಹೋಗಿ ಒಂದು ಪ್ರತಿ ಕೊಟ್ಟೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತ. ಇನ್ನೊಂದು ಪ್ರತಿಯನ್ನು ಮನೆಗೆ ತಂದು ಅಕ್ಕನ ಹಾಸಿಗೆಯ ಅಂಚಿನಲ್ಲಿ ಕೂತು ಓದಿದೆ.

ಅಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ಒಂದು ಹಳ್ಳಿ ಎಲ್ಲಿ ಹೋಯ್ತು?" ಎಂದಳು.

ಹಾರಿಕೆಯ ಉತ್ತರ ಕೊಡಲು ನೋಡಿದೆ. ಮೂವತ್ತೊಂದು ವರ್ಷ ಜನರ ದನಿ ಕೇಳಿದವಳ ಮುಂದೆ ಅದು ನಡೆಯಲಿಲ್ಲ. ರತ್ನಿಯ ವಿಷಯ ಹೇಳಿದೆ. ಎಕ್ಸ್‌ಚೇಂಜಿನಲ್ಲಿದ್ದಾಗ ಆಸ್ಪತ್ರೆಯ ಕರೆ ಬಂದರೆ ಯಾರ ಮಾತು ನಡೆಯುತ್ತಿದ್ದರೂ, ಅಧ್ಯಕ್ಷರದೇ ಆಗಿದ್ದರೂ, ತಂತಿ ಕಿತ್ತು ಅದಕ್ಕೆ ಸಿಕ್ಕಿಸುತ್ತಿದ್ದವಳು ಅವಳು. ಅದಕ್ಕಾಗಿ ಎರಡು ಸಲ ನೋಟಿಸನ್ನೂ ಪಡೆದಿದ್ದಳು.

"ಆ ಹುಡುಗಿ ಸತ್ತಿದ್ದನ್ನ ಮುಂದಿಟ್ಟುಕೊಂಡು ನನಗೆ ನಲವತ್ತೈದು ದಿನ ಕೇಳ್ತೀಯೇನೇ?"

"ನಿನ್ನೊಬ್ಬಳಿಗಲ್ಲ ಅಕ್ಕ. ಮೂವತ್ತೆಂಟು ಜನ ಇದ್ದಾರೆ."

"ಅವರದ್ದು ನನಗೆ ಗೊತ್ತಿಲ್ಲ. ನನ್ನದು ನಾನು ಹೇಳ್ತೀನಿ. ಆ ದಾದಿ ಹತ್ರ ನಂಬರಿಲ್ಲ ಅಂದ್ಯಲ್ಲ, ನನ್ನ ನಂಬರ್ ಅವಳಿಗೆ ಬರೆದುಕೊಡ್ತೀನಿ. ವರ್ಗಾವಣೆ ನಮೂನೆ ತಗೊಂಡು ಬಾ."

ಅಕ್ಕ ತಾನೇ ವಿರೋಧಿಸುವಂತಿರಲಿಲ್ಲ, ಒಬ್ಬ ಚಂದಾದಾರ ಒಂದು ಕಡತದಲ್ಲಿ ಒಂದೇ ಸಲ ಬರೆಯಬಹುದು. ಆದರೆ ನಂಬರನ್ನು ಯಾರಿಗೆ ಬೇಕಾದರೂ ಕೊಡಬಹುದಿತ್ತು. "ನಂಬರ್ ಹೋದ್ರೆ ನೀನು ಚಂದಾದಾರಳೇ ಅಲ್ಲ. ಕಡತದಿಂದ ಹೊರಗೆ ಹೋಗ್ತೀಯ. ಅದೇ ಕ್ಷಣಕ್ಕೆ..."

"ಗೊತ್ತು ಕಣೆ."

ಆಮೇಲೆ ನಾನು ಏನೇನೋ ಅಂದೆ. ನನ್ನನ್ನು ಒಂಟಿ ಮಾಡಿ ಹೋಗಲು ನಿನಗೆ ಅಷ್ಟು ಅವಸರವೇ ಎಂದೂ ಅಂದೆ. ಅಕ್ಕ ನನ್ನನ್ನು ತಡೆಯಲಿಲ್ಲ. ನನ್ನ ಮಾತೆಲ್ಲ ಮುಗಿದ ಮೇಲೆ ಮೆಲ್ಲಗೆ ಹೇಳಿದಳು. "ಹದಿನಾರು ತಿಂಗಳಾಯ್ತು ವಾರಿಜಾ. ಬೆಳಿಗ್ಗೆ ಎದ್ದು ಗಂಜಿ ಕುಡೀತೀಯಾ ಅಂತ ಕೇಳಿದ್ದೀಯ, ಮಾತ್ರೆ ತಗೊಂಡ್ಯಾ ಅಂತ ಕೇಳಿದ್ದೀಯ. ನಿನಗೆ ಸಾಕಾಯ್ತಾ ಅಂತ ಒಂದು ಸಲಾನೂ ಕೇಳಲಿಲ್ಲ."

ಮರುದಿನ ಅವಳೇ ತರಕಾರಿಯವಳ ಕೈಲಿ ಹೇಳಿಕಳಿಸಿ ದ್ಯಾವಮ್ಮನನ್ನು ಮನೆಗೆ ಕರೆಸಿಕೊಂಡಳು. ನಾನು ತಂದ ನಮೂನೆಯಲ್ಲಿ ಇಬ್ಬರ ಸಹಿ ಬೇಕಿತ್ತು. ದ್ಯಾವಮ್ಮ ಪೆನ್ನು ಮುಟ್ಟಲಿಲ್ಲ. "ನಿಮ್ಮ ಪ್ರಾಣ ಈಸ್ಕಂಡು ನಾನೆಲ್ಲಿಗೆ ಹೋಗ್ಲವ್ವ?" ಎಂದಳು.

"ಪ್ರಾಣ ಅಲ್ಲ, ನಂಬರು. ಇನ್ನೂರ ನಲವತ್ತೇಳು. ಹಿಡಿ, ಬರಿ" ಎಂದಳು ಅಕ್ಕ, ಆಪರೇಟರಿನ ಹಳೆಯ ಗಡಸು ದನಿಯಲ್ಲಿ.

ಇಬ್ಬರ ಸಹಿಯೂ ಆಗಿ ನಮೂನೆ ನನ್ನ ಕೈಗೆ ಬಂತು. ಅದನ್ನು ದಫ್ತರಕ್ಕೆ ಏರಿಸಬೇಕಾದವಳು ನಾನೇ. ಚೀಲದೊಳಗೆ ಊಟದ ಡಬ್ಬಿಯ ಕೆಳಗೆ ಇಟ್ಟುಕೊಂಡೆ. ಅವತ್ತು ಏರಿಸಲಿಲ್ಲ. ಮರುದಿನವೂ ಏರಿಸಲಿಲ್ಲ. ಸಂಜೆ ಮನೆಗೆ ಬಂದರೆ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ.

ಕೊನೆಯ ದಿನ ಬಂತು. ಬೆಳಿಗ್ಗೆ ಹನ್ನೊಂದಕ್ಕೆ ದಯಾನಂದ ಅರ್ಜಿ ಕೊಟ್ಟ. ನನ್ನದೇ ವಾಕ್ಯಗಳ ಮೇಲೆ ನಾನು ಮುದ್ರೆ ಒತ್ತಿ ಒಳಗೆ ಕಳಿಸಿದೆ. ನಾಲ್ಕು ಗಂಟೆಗೆ ಗಡುವು. ಮೂವತ್ತೆಂಟು ಮನೆಯವರು ಜಗಲಿಯ ಮೇಲೆ, ಮೆಟ್ಟಿಲ ಮೇಲೆ, ಬೇವಿನ ಮರದ ಕೆಳಗೆ ಕೂತಿದ್ದರು. ಗೋಡೆ ಗಡಿಯಾರದ ಮುಳ್ಳು ನನ್ನ ಬೆನ್ನ ಹಿಂದೆ ಟಕಟಕ ಎನ್ನುತ್ತಿತ್ತು. ನಾನು ಒಂದೇ ಟಪಾಲನ್ನು ನಾಲ್ಕು ಸಲ ಓದಿದೆ.

ಮೂರೂವರೆಗೆ ದ್ಯಾವಮ್ಮ ಕಿಟಕಿಗೆ ಬಂದು ಅದೇ ಹಾಳೆ ಚಾಚಿದಳು. ಈ ಸಲ ನಂಬರಿನ ಜಾಗದಲ್ಲಿ ೨೪೭ ಎಂದು ದಪ್ಪ ಅಂಕಿಯಲ್ಲಿ ಇತ್ತು. ಮುದ್ರೆ ಒತ್ತುವ ಮೊದಲು ನಂಬರನ್ನು ದಫ್ತರದಲ್ಲಿ ನೋಡಬೇಕು. ದಫ್ತರ ತೆರೆದೆ. ಇನ್ನೂರ ನಲವತ್ತೇಳರ ಮುಂದೆ ಅಕ್ಕನ ಹೆಸರಿತ್ತು. ಈ ನಂಬರ್ ನಿನ್ನದಲ್ಲ ಎಂದು ಹೇಳಿ ಹಾಳೆ ವಾಪಸು ಕೊಟ್ಟಿದ್ದರೆ ಅದು ನಿಯಮದ ಪ್ರಕಾರ ಸರಿಯೇ ಇರುತ್ತಿತ್ತು. ದ್ಯಾವಮ್ಮನ ಹಿಂದೆ ದಯಾನಂದ ಎದ್ದು ಬಂದ.

"ಅದು ಅಂಬುಜಕ್ಕನ ನಂಬರಲ್ವಾ?" ಎಂದ. ನನ್ನ ಮುಖ ನೋಡಿದವನಿಗೆ ಎಲ್ಲ ಅರ್ಥವಾಯಿತು. "ಬೇಡ ವಾರಿಜಕ್ಕ. ಕೈ ಮುಗೀತೀನಿ, ಬೇಡ."

ನಾನು ಮೇಜಿನ ಮೇಲಿನ ಫೋನ್ ಎತ್ತಿ ಮನೆಗೆ ಕರೆ ಮಾಡಿದೆ. ರಿಂಗಾಯಿತು. ಅಕ್ಕ ಫೋನನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆಯೇ ಇಟ್ಟುಕೊಂಡಿರುತ್ತಿದ್ದಳು, ಆದರೂ ಎತ್ತಲು ತುಂಬ ಹೊತ್ತಾಯಿತು.

"ಅಕ್ಕಾ" ಎಂದೆ. ಆಚೆಯಿಂದ ಅವಳ ಉಸಿರು ಕೇಳುತ್ತಿತ್ತು. "ಅಕ್ಕಾ, ನಿನಗೆ ಸಾಕಾಯ್ತಾ?"

"ಸಾಕಾಯ್ತು ಕಂದ" ಎಂದಳು. ಒಂದು ಕ್ಷಣ ಬಿಟ್ಟು, "ಈ ನಂಬರ್ ಇನ್ನೂ ನನ್ನ ಹತ್ರಾನೇ ರಿಂಗಾಗ್ತಿದೆಯಲ್ಲೇ. ಯಾಕೆ, ಬರೆದಿಲ್ವಾ?"

"ಬರೀತೀನಿ" ಎಂದೆ. ಅವಳೇ ಫೋನ್ ಇಟ್ಟಳು.

ಡಬ್ಬಿಯ ಕೆಳಗಿನಿಂದ ನಮೂನೆ ತೆಗೆದೆ. ಒಂದು ಕಡೆ ಸಾರಿನ ಕಲೆಯಾಗಿತ್ತು. ದಫ್ತರದಲ್ಲಿ ಅಕ್ಕನ ಹೆಸರಿನ ಮೇಲೆ ಗೆರೆ ಎಳೆದು, ಕೆಳಗೆ ದ್ಯಾವಮ್ಮನ ಹೆಸರು ಬರೆದು, ವೇಳೆ ಹಾಕಿದೆ. ಮೂರು ಗಂಟೆ ನಲವತ್ತೊಂದು ನಿಮಿಷ. ಆಮೇಲೆ ದ್ಯಾವಮ್ಮನ ಹಾಳೆಗೆ ಮುದ್ರೆ ಒತ್ತಿದೆ. ದಯಾನಂದ ಕಂಬಿಯ ಮೇಲೆ ಹಣೆ ಊರಿ ನಿಂತಿದ್ದ. "ನಿಮ್ಮ ಕೈಯಲ್ಲೇ ಬರೆದುಕೊಟ್ರಿ, ನಿಮ್ಮ ಕೈಯಲ್ಲೇ..." ಎಂದು ಏನೋ ಹೇಳಹೊರಟು ನಿಲ್ಲಿಸಿದ.

ಸಿದ್ಧವೀರಯ್ಯನವರು ಎರಡೂ ಕಾಗದಗಳನ್ನು ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ವಿಸ್ತರಣೆಗೆ ಚಂದಾದಾರರೊಬ್ಬರ ವಿರೋಧ ಇರುವುದರಿಂದ ಅರ್ಜಿ ವಜಾ ಎಂದು ಬರೆದು ಸಹಿ ಹಾಕಿದರು. ಗಡಿಯಾರ ನಾಲ್ಕು ಹೊಡೆಯಿತು. ಜಗಲಿಯ ಮೇಲಿದ್ದವರೆಲ್ಲ ಎದ್ದು, ಯಾರನ್ನೂ ಬೈಯದೆ, ಯಾರನ್ನೂ ಕಾಯದೆ, ಬೇಗ ಬೇಗ ತಮ್ಮ ತಮ್ಮ ಮನೆಯ ಕಡೆ ನಡೆದರು. ಕೆಲವರು ಓಡಿದರು. ಚಪ್ಪಲಿಗಳು ಅಲ್ಲೇ ಉಳಿದಿದ್ದವು.

ನಾನೂ ಓಡಿದೆ. ಅಕ್ಕನ ಗಡುವು ಎಲ್ಲರಿಗಿಂತ ಹತ್ತೊಂಬತ್ತು ನಿಮಿಷ ಮೊದಲೇ ಮುಗಿದಿತ್ತು. ಒಳಗೆ ಹೋದಾಗ ಅವಳು ನಿದ್ದೆ ಮಾಡುತ್ತಿದ್ದಳು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಉಸಿರಿತ್ತು.

ಆ ವಾರ ಹನ್ನೆರಡು ಜನ ಹೋದರು. ಮುಂದಿನ ತಿಂಗಳಲ್ಲಿ ಉಳಿದವರಲ್ಲಿ ಹೆಚ್ಚಿನವರು. ಇಬ್ಬರು ಮಾತ್ರ, ಡಾಕ್ಟರಿಗೂ ಆಶ್ಚರ್ಯವಾಗುವಂತೆ, ಎದ್ದು ಕೂತು ಇವತ್ತಿಗೂ ಓಡಾಡಿಕೊಂಡಿದ್ದಾರೆ. ಶಾಂಭವಿ ಎರಡನೇ ದಿನ ಹೋದಳು. ದಯಾನಂದ ನನ್ನ ಜೊತೆ ಮಾತು ಬಿಟ್ಟ. ನಾನು ಅವನ ಅಂಗಡಿಯ ಮುಂದೆ ಹೋಗುವಾಗ ಹೊಲಿಗೆ ಯಂತ್ರ ನಿಂತುಬಿಡುತ್ತದೆ, ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಅವನದು ತಪ್ಪು ಎಂದು ನಾನು ಯಾರ ಮುಂದೆಯೂ ಹೇಳಿಲ್ಲ. ಆರು ತಿಂಗಳಿಗೆ ಹೊಳೆಯಾಚೆ ಟವರ್ ಎದ್ದಿತು. ಮಳೆಗಾಲ ಮುಗಿಯುವ ಮೊದಲು ದ್ಯಾವಮ್ಮ ಮೂರು ಸಲ ಗಾಡಿ ಕರೆಸಿದಳೆಂದು ಆಸ್ಪತ್ರೆಯವರು ಹೇಳಿದರು, ಮೂರು ಸಲವೂ ಹೊತ್ತಿಗೆ ಸರಿಯಾಗಿ ತಲುಪಿತಂತೆ.

ಅಕ್ಕ ನಾಲ್ಕು ದಿನ ಇದ್ದಳು. ಹದಿನಾರು ತಿಂಗಳು ನಾನು ಕ್ಯಾಲೆಂಡರ್ ನೋಡಿಕೊಂಡು ಅವಳ ಪಕ್ಕದಲ್ಲಿದ್ದೆ. ಆ ನಾಲ್ಕು ದಿನ ಅವಳನ್ನೇ ನೋಡಿಕೊಂಡಿದ್ದೆ. ಕಚೇರಿಗೆ ರಜೆ ಹಾಕಿ, ಅವಳ ಕಾಲು ಒತ್ತುತ್ತಾ, ಚಿಕ್ಕಂದಿನಲ್ಲಿ ನಾನು ಮಾಡಿದ ತರಲೆಗಳನ್ನು ಅವಳ ಬಾಯಿಂದಲೇ ಕೇಳಿದೆ. ಪ್ರತಿ ಸಲ ಅವಳು ಕಣ್ಣು ಮುಚ್ಚಿದಾಗ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ನಾಲ್ಕನೇ ದಿನ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಿದ್ದಾಗ "ವಾರಿಜಾ" ಎಂದು ಕೂಗಿದಳು. ಪಾತ್ರೆ ಅಲ್ಲೇ ಬಿಟ್ಟು ಓಡಿ ಹೋದೆ.

"ಏನಕ್ಕ? ನೋವಾ? ನೀರು ಬೇಕಾ?"

"ಏನಿಲ್ಲ" ಎಂದಳು. "ಸುಮ್ನೆ ಕರೆದೆ."

ಹಾಸಿಗೆಯ ಮೇಲೆ ಕೂತು ಅವಳ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಒಲೆಯ ಮೇಲೆ ಸಾರು ಉಕ್ಕಿ ಸುಟ್ಟ ವಾಸನೆ ಬಂತು. ನಾನು ಏಳಲಿಲ್ಲ.